ಬಾಂದಗಲ್ಲಿನ ಒಳಬಣ್ಣ

ಭೂಸನೂರಿನ ಭೀಮಶಾನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತವೆ, ಆಮೇಲೆ ಬಾಯಿ ಬಿಚ್ಚುತ್ತದೆ. ಊರ ಮಂದಿ ಅವನ ಕಿವಿ ನೋಡಿಯೇ ದಾರಿ ಬದಲಿಸುತ್ತಾರೆ. ಅಂಥವನ ಹೊಲಕ್ಕೆ ಜನವರಿ ತಿಂಗಳ ಒಂದು ಸಂಜೆ ಅವನ ತಮ್ಮ ಮಾಳಿಂಗನ ಮಗಳು ಅನುರಾಧಾ ಬೊಲೆರೊ ಗಾಡಿಯ ತುಂಬ ಪೆಟ್ಟಿಗೆ ಹೇರಿಕೊಂಡು ಬಂದಿಳಿದಳು. ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು. ಇಳಿದವಳು ಅತ್ತಿತ್ತ ನೋಡಲಿಲ್ಲ. ನೆಟ್ಟಗೆ ಅಟ್ಟದ ಕೆಳಗೆ ಬಂದು ನಿಂತು, ಇವತ್ತೊಂದು ರಾತ್ರಿ ನಿನ್ನ ಹೊಲದಲ್ಲಿ ಇರಬೇಕು ದೊಡಪ್ಪ ಎಂದಳು.

ಭೀಮಶಾ ಜೋಳ ಕಾಯುತ್ತ ಅಟ್ಟದ ಮೇಲೆ ಕುಳಿತಿದ್ದ. ತೆನೆಯಲ್ಲಿ ಹಾಲು ತುಂಬಿದ ಹೊತ್ತು ಅದು. ಹಗಲೆಲ್ಲ ಗುಬ್ಬಿಯ ಕಾಟ, ರಾತ್ರಿ ಕಾಡುಹಂದಿಯ ಕಾಟ. ಅವನ ಕಿವಿ ಕೆಂಪಾದವು.

"ನಿಮ್ಮಪ್ಪ ಕಳಿಸ್ಯಾನೇನು? ನಾಳಿಗಿ ಸರ್ವೇದವರು ಬರ್ತಾರ, ಅದು ಗೊತ್ತದ ಇಲ್ಲ ನಿನಗ?"

"ಅಪ್ಪಗ ನಾ ಬಂದದ್ದ ಗೊತ್ತಿಲ್ಲ. ಗೊತ್ತಾದ್ರ ಅವನೂ ಇಷ್ಟ ಬೈತಾನ. ಬೈಯೂದ್ರಾಗ ನೀವಿಬ್ಬರೂ ಸರಿಪಾಲು ತೊಗೊಂಡೀರಿ."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಭೀಮಶಾ ಕವಣೆಗೆ ಕಲ್ಲು ಹಾಕುತ್ತಿದ್ದ. ಆದರೆ ಈ ಹುಡುಗಿ ನಡೆಯಲು ಕಲಿತದ್ದೇ ಅವನ ಬೆರಳು ಹಿಡಿದು. ಈಗ ಅವಳು ಅಫಜಲಪುರದ ಕಾಲೇಜೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ಜೊತೆಗೆ ದೊಡ್ಡ ಪದವಿಗೆಂದು ಆಕಾಶದ ಕಲ್ಲುಗಳನ್ನು ಓದುತ್ತಾಳೆ. ಅವಳಿಗೆ ಬೇಕಾದದ್ದು ಕತ್ತಲೆ. ಅಫಜಲಪುರದಲ್ಲಿ ಬೀದಿದೀಪ. ಅವಳಪ್ಪನ ಹೊಲ ಏರಿನ ಮೇಲಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಫ್ಯಾಕ್ಟರಿಯ ಬೆಳಕು ಅಲ್ಲಿಗೆ ಹುಣ್ಣಿಮೆಯ ಹಾಗೆ ಬಡಿಯುತ್ತದೆ. ಅದೇ ಬದುವಿನ ಕೆಳಗೆ, ಮಡ್ಡಿಯ ಕಲ್ಲುದಿಬ್ಬದ ಮರೆಯ ತಗ್ಗಿನಲ್ಲಿ ಭೀಮಶಾನ ಹೊಲ. ಅಲ್ಲಿ ಅಮಾವಾಸ್ಯೆಯ ಸುಮಾರಿಗೆ ತನ್ನ ಕೈ ತನಗೆ ಕಾಣುವುದಿಲ್ಲ.

ತಗ್ಗಿನ ಹೊಲ ಎಂದು ಇಪ್ಪತ್ತೆರಡು ವರ್ಷ ಹಲ್ಲು ಕಡಿದವನಿಗೆ, ಅದಕ್ಕೂ ಒಂದು ಬೆಲೆ ಇದೆ ಎಂದು ಮೊದಲ ಸಲ ಒಬ್ಬರು ಹೇಳಿದರು. ಭೀಮಶಾ ಗೊಣಗಿದ. ಆಮೇಲೆ, ಜೋಳ ತುಳಿಯಬೇಡಿ, ಖಾಲಿ ಮೂಲೆಯಲ್ಲಿ ಹಾಕಿಕೊಳ್ಳಿ ಎಂದ.

ಖಾಲಿ ಮೂಲೆ ಎಂದರೆ ಜಗಳದ ಮೂಲೆ. ಹೊಲದ ಗಡಿ ತೋರಿಸುವ ಬಾಂದಗಲ್ಲು ಇದ್ದದ್ದು ಅಲ್ಲಿಯೇ.

ಆ ಜಗಳ ಏನೆಂದು ಹೇಳಿಬಿಡಬೇಕು. ಅವರ ಮನೆತನದಲ್ಲಿ ಒಂದು ಪದ್ಧತಿ. ಮನೆ ಪಾಲಾಗುವ ದಿನ ಮಡ್ಡಿಯ ಮೇಲಿನ ಒಂದು ಕಲ್ಲನ್ನು ಒಡೆಯಬೇಕು. ಎಷ್ಟು ಪಾಲೋ ಅಷ್ಟು ತುಂಡು. ಪ್ರತಿ ತುಂಡನ್ನೂ ಅವರವರ ಮೂಲೆಯಲ್ಲಿ ನೆಟ್ಟು, ಬುಡಕ್ಕೆ ಇದ್ದಿಲು ಮತ್ತು ಒಂದು ಹಿಡಿ ಜೋಳ ಹಾಕಬೇಕು. ಮುಂದೆ ಯಾರಾದರೂ ಕಲ್ಲು ಬದಲಿಸಿದರೆ ಸುಳ್ಳು ಗೊತ್ತಾಗಲಿ ಎಂದು. ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪ ಪಾಲು ಮಾಡಿದಾಗ ತಗ್ಗಿನ ಹೊಲ ಭೀಮಶಾನಿಗೆ ಬಂತು. ಅವನು ಸಿಟ್ಟಿನಿಂದ ಕೌದಿ ಹೊದ್ದು ಮನೆಯಲ್ಲೇ ಮಲಗಿಬಿಟ್ಟ. ಅಪ್ಪ, ಮಾಳಿಂಗ, ಅಕ್ಕ ಕಾಶಿಬಾಯಿ ಮೂವರೇ ಹೋಗಿ ಕಲ್ಲು ಒಡೆದು ನೆಟ್ಟು ಬಂದರು. ಅಕ್ಕನನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ ಕೊಟ್ಟಿದೆ. ಆಕೆ ಹೊಲದ ಪಾಲು ಬೇಡವೆಂದಳು. ಹೊಲ ಬಿಟ್ಟರೆ ಬಿಡು, ಕಲ್ಲು ಬಿಡಬೇಡ ಎಂದು ಅಪ್ಪ ಮೂರನೆಯ ತುಂಡನ್ನು ಟೆಂಪೋದಲ್ಲಿ ಕೊಳಕೂರಿಗೆ ಕಳಿಸಿದ. ಅಲ್ಲಿ ಅದು ಹಿತ್ತಲಿನ ಒಗೆಯುವ ಕಲ್ಲಾಯಿತು.

ಆರು ವರ್ಷದ ಹಿಂದೆ ಒಂದು ದೊಡ್ಡ ಮಳೆ ಬಿತ್ತು. ಬದು ಒಡೆದು ಮಾಳಿಂಗನ ಕಲ್ಲು ಕೊರಕಲಿಗೆ ಬಿತ್ತು. ಅವನು ಅದನ್ನು ಎತ್ತಿ ತಂದು ನೆಟ್ಟ. ಮರುದಿನ ಭೀಮಶಾ ನೋಡುತ್ತಾನೆ: ತನ್ನ ಕಲ್ಲು ಸುಟ್ಟ ಇಟ್ಟಂಗಿಯ ಬಣ್ಣ, ಇವನದು ಕಾಗೆಯ ಕುತ್ತಿಗೆಯಂತೆ ನೀಲಿಗಪ್ಪು. ಅಪ್ಪನ ಕಲ್ಲು ಎಸೆದು ಯಾವುದೋ ರಸ್ತೆಯ ಕಲ್ಲು ತಂದು ಎರಡು ಮೊಳ ನನ್ನ ಹೊಲದ ಒಳಗೆ ನೆಟ್ಟಿದ್ದಾನೆ ಎಂದು ಅವನು ಊರು ಎಬ್ಬಿಸಿದ. ಕಣ್ಣು ತೊಳೆದುಕೊಂಡು ಬಾ ಎಂದ ಮಾಳಿಂಗ. ಅಲ್ಲಿಗೆ ಮಾತು ಮುಗಿಯಿತು. ಎರಡು ಕಲ್ಲು ಕಿತ್ತು ಜೋಡಿಸಿ ನೋಡೋಣ ಎಂದರು ಹಿರಿಯರು. ನನ್ನದು ಕಿತ್ತರೆ ನಾನೇ ಸರಿಸಿದೆ ಅಂತೀರಿ, ಯಾರಾದರೂ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದ ಭೀಮಶಾ. ಕೊನೆಗೆ ಆಳಂದಕ್ಕೆ ಹೋಗಿ ಸರ್ವೇಗೆ ಅರ್ಜಿ ಕೊಟ್ಟವನೂ ಅವನೇ.

ನಾಳೆ ಹತ್ತು ಗಂಟೆಗೆ ಪಂಚರ ಎದುರು ಅವನು ತನ್ನ ಕಲ್ಲಿನ ಮೇಲೆ ಕೈಯಿಟ್ಟು, ಆ ಕಲ್ಲು ನಮ್ಮದಲ್ಲ ಎಂದು ಹೇಳಬೇಕು. ಹೇಳಿದರೆ ಅಳತೆ ಎಲ್ಲಿ ಬೇಕಾದರೂ ಬೀಳಲಿ, ಮಾಳಿಂಗ ಬಾಂದಗಲ್ಲು ಕಳ್ಳನಾಗುತ್ತಾನೆ. ಆ ಸೀಮೆಯಲ್ಲಿ ಎತ್ತು ಕದ್ದವನನ್ನು ಮಂದಿ ಮರೆತಾರು, ಬಾಂದಗಲ್ಲು ಕದ್ದವನ ಮನೆಯ ನೀರು ಕುಡಿಯುವುದಿಲ್ಲ. ಭೀಮಶಾನಿಗೆ ಅಳುಕಿರಲಿಲ್ಲ. ತಾನು ಕಂಡದ್ದನ್ನೇ ಹೇಳುವವನು ತಾನು.

ಗಾಡಿಯ ಡ್ರೈವರ್ ನಯೀಮ ಅಫಜಲಪುರದವನು. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ದಪ್ಪ ಕೊಳವೆ, ಬ್ಯಾಟರಿ, ಲ್ಯಾಪ್‌ಟಾಪು ಎಲ್ಲ ಇಳಿಸಿಕೊಟ್ಟ. ಬರುವ ದಾರಿಯಲ್ಲಿ ನಾಲ್ಕು ಮಂದಿ ಇದು ಯಾವ ಕಂಪನಿಯ ಪಂಪ್‌ಸೆಟ್ಟು ಎಂದು ಕೇಳಿದರಂತೆ. ಕೊನೆಯವನಿಗೆ ಇದು ಮೇಲಿನ ನೀರು ಎತ್ತುವುದು ಎಂದು ಹೇಳಿಬಂದೆ ಎಂದ. ಸುಭದ್ರಾಬಾಯಿ, ಭೀಮಶಾನ ಹೆಂಡತಿ, ಬುತ್ತಿ ಕಳಿಸಿದ್ದಳು. ಮೂವರೂ ಉಂಡರು. ನಯೀಮ ಗಾಡಿಯಲ್ಲಿ ಮುಸುಕೆಳೆದು ಮಲಗಿದ.

ಅನುರಾಧಾ ನೋಡಬೇಕಾದ ಆಕಾಶದ ಕಲ್ಲು ಸರಿಯಾದ ಎತ್ತರಕ್ಕೆ ಬರುವಾಗ ಎರಡೂವರೆಯಾಗಿತ್ತು. ಭೀಮಶಾ ಹೇಗೂ ಹಂದಿಗೆ ಎದ್ದಿರುವವನು. ಕಂಬಳಿ ಹೊದ್ದು ಬಂದು ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಕೊಳವೆಗೆ ಕಣ್ಣಿಟ್ಟು ನೋಡುವ ತೂತು ಎಲ್ಲಿದೆ ಎಂದು ಕೇಳಿದ. ಅದು ಕಣ್ಣಿಗೆ ಕಾಣುವಷ್ಟು ಬೆಳಕಿನದಲ್ಲ, ಕ್ಯಾಮರಾಕ್ಕೆ ಮಾತ್ರ ಸಿಗುತ್ತದೆ ಎಂದಳು. ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ, ಅದರ ತುಂಬ ಉಪ್ಪು ಚೆಲ್ಲಿದಂತೆ ಚುಕ್ಕಿ. ಒಂದು ಚುಕ್ಕಿಯ ಸುತ್ತ ಅವಳು ಗೆರೆ ಎಳೆದಳು.

ಇಷ್ಟಕ್ಕಾ ಇಷ್ಟು ಸಾಮಾನು, ಎಂದ ಭೀಮಶಾ.

ಅವಳು ಅರ್ಧ ತಾಸು ಬಿಟ್ಟು ತೆಗೆದ ಇನ್ನೊಂದು ಚಿತ್ರವನ್ನು ಮೊದಲಿನದರ ಮೇಲೆ ಇಟ್ಟು ತೋರಿಸಿದಳು. ಎಲ್ಲ ಚುಕ್ಕಿಗಳೂ ಇದ್ದಲ್ಲಿಯೇ ಇದ್ದವು. ಅದೊಂದು ಮಾತ್ರ ಸರಿದಿತ್ತು. ಮೂರನೆಯ ಚಿತ್ರ ಇಟ್ಟಳು. ಮತ್ತೆ ಸರಿದಿತ್ತು. ಒಂದರ ಹಿಂದೆ ಒಂದು ಓಡಿಸಿದಾಗ, ಮಲಗಿದ ಕುರಿಹಿಂಡಿನ ನಡುವೆ ಎದ್ದು ಹೊರಟ ಒಂದೇ ಕುರಿಯ ಹಾಗೆ ಅದು ನಡೆಯತೊಡಗಿತು.

ಭೀಮಶಾ ತಲೆಯೆತ್ತಿ ನೆತ್ತಿಯ ಮೇಲೆ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. ಮತ್ತೆ ಪರದೆ ನೋಡಿದ. ಐವತ್ತೈದು ವರ್ಷ ಈ ಹೊಲದಲ್ಲಿ ಅಂಗಾತ ಮಲಗಿದ್ದಾನೆ. ಮೇಲೆ ಇಂಥದ್ದೊಂದು ಅವನಿಗೆ ಕಾಣದಂತೆ ನಡೆಯುತ್ತಲೇ ಇತ್ತು. ಅದು ಎಷ್ಟು ದೊಡ್ಡದು ಎಂದು ಕೇಳಿದ. ನಮ್ಮೂರು, ಸುತ್ತಲಿನ ನಾಲ್ಕು ಊರು, ಅವುಗಳ ಹೊಲ, ಮಡ್ಡಿ ಎಲ್ಲ ಅದರ ಮೇಲೆ ಹಿಡಿಯುತ್ತವೆ ಎಂದಳು. ಈ ಬೆಳಕು ಅಲ್ಲಿಂದ ಹೊರಟು ಕಾಲು ತಾಸಾಗಿದೆ. ಅದು ಅದರ ಸ್ವಂತ ಬೆಳಕಲ್ಲ, ಸೂರ್ಯನದು. ಸೂರ್ಯ ಮುಳುಗಿದ್ದು ನಮಗೆ, ಅದಕ್ಕೆ ಈಗಲೂ ಹಗಲು ಎಂದಳು.

ಅದಕ್ಕೆ ಈಗಲೂ ಹಗಲು. ಈ ಮಾತನ್ನು ಭೀಮಶಾ ಬಾಯಲ್ಲಿ ಒಮ್ಮೆ ಹೊರಳಿಸಿದ. ಸುತ್ತ ಜೋಳದ ದಂಟು ಕತ್ತಲಲ್ಲಿ ಸರಸರ ಅನ್ನುತ್ತಿತ್ತು. ಅವನ ತೋಳಿನ ಮೇಲೆ ಕೂದಲು ಎದ್ದವು. ಚಳಿಗೆ ಎಂದುಕೊಂಡು ಕಂಬಳಿ ಎಳೆದುಕೊಂಡ.

ಆಗ ಅನುರಾಧಾ ಹೇಳಿದಳು. "ಒಂದು ದೊಡ್ಡ ಕಲ್ಲಿತ್ತು ದೊಡಪ್ಪ. ಇನ್ನೊಂದು ಬಂದು ಬಡೀತು. ಒಡದು ಚೂರಚೂರಾತು. ಆ ಚೂರೆಲ್ಲಾ ಈಗೂ ಹೆಚ್ಚುಕಡಿಮಿ ಒಂದ ದಾರಿ ಹಿಡದು ಸೂರ್ಯನ ಸುತ್ತ ತಿರಗಾಕತ್ತಾವು. ಅಂಥವಕ್ಕ ನಾವು ಕುಟುಂಬ ಅಂತೇವಿ."

"ಯಾವಾಗ ಒಡದದ್ದು?"

"ಅರವತ್ತು ಲಕ್ಷ ವರ್ಷದ ಹಿಂದ."

"ನೋಡಾಕ ನೀ ಹೋಗಿದ್ದಿಯೇನು ಮತ್ತ?"

"ಬಂಡಿ ಜಾಡು ಹಿಡದು ಹಿಂದಕ್ಕ ಹೋದ್ರ ಅದು ಯಾವ ಹೊಲದಿಂದ ಬಂದದ ಅಂತ ನೀನ ಹೇಳ್ತಿ. ಹಂಗ. ಒಂದೊಂದರ ದಾರಿ ಹಿಂದಕ್ಕ ಲೆಕ್ಕಾ ಮಾಡ್ತಾ ಹೋದ್ರ, ನೂರಾರು ಕಲ್ಲು ಒಂದ ಹೊತ್ತಿಗಿ ಒಂದ ಕಡಿ ಬಂದು ಕೂಡ್ತಾವು."

ಜಾಡಿನ ಮಾತು ಭೀಮಶಾನಿಗೆ ತಿಳಿಯಿತು. ತಿಳಿದದ್ದೇ ಕಷ್ಟವಾಯಿತು. ತಿಳಿಯದಿದ್ದರೆ ಓದಿದವರ ಮಾತು ಎಂದು ಬಿಟ್ಟುಬಿಡಬಹುದಿತ್ತು. ಈಗ ಕಣ್ಣ ಮುಂದೆ ಊರಿನಷ್ಟು ದೊಡ್ಡ ನೂರಾರು ಕಲ್ಲುಗಳು ಹಿಮ್ಮುಖವಾಗಿ ನಡೆದು ಬಂದು, ಒಂದರ ಮಗ್ಗುಲಿಗೊಂದು ಕೂಡಿ, ಒಂದೇ ಕಲ್ಲಾಗುತ್ತಿದ್ದವು. ಅದನ್ನು ನೋಡಲು ಮನುಷ್ಯ ಎಂಬುವನೇ ಇರಲಿಲ್ಲ. ಜೋಳ ಇರಲಿಲ್ಲ. ಭೂಸನೂರು ಇರಲಿಲ್ಲ. ನೋಡುವವರಿಲ್ಲದೆಯೂ ಇಷ್ಟು ದೊಡ್ಡದೊಂದು ನಡೆದುಹೋಗಿತ್ತು.

ಹಾಗಾದರೆ ಅಷ್ಟರಲ್ಲಿ ಈ ಒಂದು ಕಲ್ಲನ್ನೇ ಯಾಕೆ ನೋಡಬೇಕು ಎಂದು ಕೇಳಿದ. ಅವಳು ವಿವರಿಸಿದಳು. ಕ್ಯಾಮರಾದ ಮುಂದೆ ಹಸಿರು ಗಾಜು ಹಾಕಿ ಒಂದು ಚಿತ್ರ, ಕೆಂಪು ಗಾಜು ಹಾಕಿ ಒಂದು ಚಿತ್ರ. ಎರಡರಲ್ಲಿ ಎಷ್ಟೆಷ್ಟು ಬೆಳಕು ಬಂತೆಂದು ತೂಗಿದರೆ ಅದೇ ಬಣ್ಣ. ಈ ಕುಟುಂಬದ ಕಲ್ಲುಗಳಲ್ಲಿ ಹಸಿರು ನೂರು ಬಂದರೆ ಕೆಂಪು ನೂರಾ ಎಂಟರ ಆಸುಪಾಸು. ಈ ಒಂದರಲ್ಲಿ ಮಾತ್ರ ನೂರಾ ಹದಿನೆಂಟು. ದಾರಿ ಒಂದೇ, ಬಣ್ಣ ಬೇರೆ.

ಭೀಮಶಾ ತೊಡೆ ತಟ್ಟಿದ. "ಅಂದ್ರ ಅದು ಆ ಮನಿದಲ್ಲ. ಹೊರಗಿಂದು. ಬಣ್ಣ ಸುಳ್ಳು ಹೇಳಂಗಿಲ್ಲ. ಇದನ್ನ ನಾಳಿಗಿ ನಿಮ್ಮಪ್ಪನ ಮುಂದ ಹೇಳು."

"ನಾನೂ ನನ್ನ ವಹಿಯಾಗ ಹೊರಗಿಂದು ಅಂತ ಬರದೀನಿ," ಎಂದಳು ಅನುರಾಧಾ. ಕ್ಯಾಮರಾದ ಗಾಜು ಬದಲಿಸಿದಳು. "ಆದ್ರ ಹೋದ ಸಲ ನಾ ನೋಡಿದ್ದು ಬರೇ ಅರ್ಧ ತಾಸು. ಅದು ಮೂರು ತಾಸಿಗೊಮ್ಮಿ ತನ್ನ ಸುತ್ತ ತಾ ಹೊರಳ್ತದ. ಒಂದ ಮೈ ನೋಡಿ ಬರದು ಕುಂತೀನಿ. ಅದಕ್ಕ ನಿದ್ದಿ ಬರವಲ್ದು."

ಕಲ್ಲಿಗೆ ಎಷ್ಟು ಮೈ ಇರುತ್ತವೆ, ಬಣ್ಣ ಅಂದರೆ ಬಣ್ಣ ಎಂದು ಅವನು ತಳ್ಳಿಹಾಕಿದ. ಅವಳ ಬೆರಳು ಚಳಿಗೆ ಸೆಟೆದಿದ್ದವು. ನಾ ಹೇಳಿದ್ದನ್ನು ನೀ ಬರಿ ಎಂದು ಅವನ ಕೈಗೆ ಅದೇ ವಹಿ, ಪೆನ್ನು ಕೊಟ್ಟಳು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ಅಕ್ಷರ ಅವನದು, ಆದರೆ ಅಂಕಿ ದುಂಡಗಿದ್ದವು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಅದರ ಬೆಳಕಲ್ಲಿ ಬರೆದ. ನೂರಾ ಹದಿನೆಂಟು. ನೂರಾ ಹದಿನೆಂಟು. ನೂರಾ ಹದಿನೇಳು. ನೂರಾ ಹದಿನೆಂಟು. ಪ್ರತಿ ಸಲವೂ, ನೋಡು, ಹೊರಗಿಂದೇ, ಎಂದ.

ನಾಲ್ಕು ಗಂಟೆಯ ಸುಮಾರಿಗೆ ಅವಳು ನೂರಾ ಹದಿನಾರು ಎಂದಳು. ಅವನು ಬರೆದ. ನೂರಾ ಹದಿನೈದು. ಬರೆದ. ಮೂಡಲ ಕಡೆಗೆ ಮಂಜೇನಾದರೂ ಬಂತೇ ಎಂದು ನೋಡಿದ. ಆಕಾಶ ಒರೆಸಿಟ್ಟಂತಿತ್ತು. ನೂರಾ ಹದಿಮೂರು. ಅವನು ಪೆನ್ನು ಎತ್ತಿ ಹಿಡಿದು, ಸರಿಯಾಗಿ ನೋಡು ಬೇ ಎಂದು ಗದರಿದ. ಅವಳು ಅದೇ ಚಿತ್ರದಲ್ಲಿದ್ದ ಒಂದು ನಕ್ಷತ್ರವನ್ನು ತೂಗಿ ತೋರಿಸಿದಳು. ನಕ್ಷತ್ರದ ಬಣ್ಣ ಮೊದಲಿನಷ್ಟೇ ಇತ್ತು. ಕಲ್ಲಿನದು ಇಳಿಯುತ್ತಿತ್ತು. ನೂರಾ ಹನ್ನೊಂದು. ನೂರಾ ಒಂಬತ್ತು.

ನೂರಾ ಎಂಟು ಎಂದಾಗ ಅವಳ ದನಿ ಎತ್ತರವಾಗಲಿಲ್ಲ, ಇನ್ನೂ ಸಣ್ಣದಾಯಿತು. ಮುಂದಿನದೂ ನೂರಾ ಎಂಟು. ಅದರ ಮುಂದಿನದೂ.

ಭೀಮಶಾ ವಹಿಯನ್ನು ಟಾರ್ಚಿನ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ ನೋಡಿದ. ಎಲ್ಲ ಅವನ ಕೈಬರಹ. ಯಾರೋ ಹೇಳಿದ್ದಲ್ಲ, ಪುಸ್ತಕದಲ್ಲಿದ್ದದ್ದಲ್ಲ. ಇಲ್ಲಿ, ಈ ತಗ್ಗಿನಲ್ಲಿ, ತಾನು ಕಂಬಳಿ ಹೊದ್ದು ಬರೆಯುತ್ತ ಕುಳಿತಿದ್ದಾಗ, ಅಷ್ಟು ದೂರದಲ್ಲಿ ಐದು ಊರಿನಷ್ಟು ದೊಡ್ಡ ಕಲ್ಲೊಂದು ಮಲಗಿದವನು ಮಗ್ಗುಲು ಬದಲಿಸಿದ ಹಾಗೆ ನಿಧಾನಕ್ಕೆ ಹೊರಳಿ ತನ್ನ ಇನ್ನೊಂದು ಮೈ ತೋರಿಸಿತ್ತು.

"ಏನಾತಿದು?" ಎಂದ.

"ಸೂರ್ಯನಿಂದ ಸಣ್ಣ ಸಣ್ಣ ಕಣ ಬಂದು ಬಡೀತಾವು ದೊಡಪ್ಪ. ಲಕ್ಷಗಟ್ಟಲೆ ವರ್ಷ ಬಡದು ಬಡದು ಕಲ್ಲಿನ ಹೊರಮೈ ಕೆಂಪಾಕ್ತದ. ಒಡದ ಮೈ ಅಷ್ಟು ಕೆಂಪಿರಂಗಿಲ್ಲ. ಇದರ ಒಂದು ಮಗ್ಗಲ ಒಡದದ್ದು. ಇನ್ನೊಂದು ಮಗ್ಗಲ, ನನ್ನ ಅಂದಾಜು ಖರೇ ಇದ್ರ, ಆ ಹಿರೀ ಕಲ್ಲಿನ ಹಳೀ ತೊಗಲು. ಒಡಿಯೂದಕ್ಕಿಂತ ಮೊದಲಿಂದು." ಅವಳು ಮೂಗು ಒರೆಸಿಕೊಂಡಳು. "ನಾ ಹೊರಗ ಹಾಕಿದ್ನಲ್ಲ, ಅದ ಅವರಪ್ಪನ ಮೈ ಹೊತ್ತುಕೊಂಡು ತಿರಗಾಕತ್ತದ."

ಭೀಮಶಾ ಎದ್ದ. ಎಲ್ಲಿಗೆ ಎಂದು ಅವಳು ಕೇಳಿದ್ದು ಅವನಿಗೆ ಕೇಳಿಸಲಿಲ್ಲ. ಮೂಡಲಲ್ಲಿ ಬೆಳಕು ಬೂದಿಯಂತೆ ಕದಡುತ್ತಿತ್ತು. ಹತ್ತು ಹೆಜ್ಜೆಯಲ್ಲಿ ಅವನ ಬಾಂದಗಲ್ಲು. ಅದರ ಮೇಲೆ ಎಳ್ಳಮಾಸಿಯ ಹಬ್ಬಕ್ಕೆ ಬಳಿದ ಕೆಮ್ಮಣ್ಣು, ಸುಣ್ಣದ ಪಟ್ಟೆ ಇನ್ನೂ ಹಸಿಹಸಿ ಇದ್ದವು. ವರ್ಷಕ್ಕೊಮ್ಮೆ ಅಂದು ಹೊಲಕ್ಕೆ ಚರಗದ ಎಡೆ ಚೆಲ್ಲುವ ಮೊದಲು ಈ ಕಲ್ಲಿಗೆ ಎಣ್ಣೆ ಒರೆಸಿ, ಕೆಮ್ಮಣ್ಣು ಬಳಿದು, ಕೈಮುಗಿಯುತ್ತಿದ್ದ. ಇಪ್ಪತ್ತೆರಡು ಎಳ್ಳಮಾಸಿ. ಉರುಟಾದ ಹೊರಮೈ ಅವನ ಕಡೆಗಿತ್ತು, ಒಡೆದ ಮೈ ಬದುವಿನ ಮಣ್ಣಿನಲ್ಲಿ ಹೂತಿತ್ತು. ಇಷ್ಟು ವರ್ಷ ಅವನು ನೋಡಿದ್ದು ಮಳೆ ಬಿಸಿಲಿನ ಬಣ್ಣ, ತಾನೇ ಬಳಿದ ಬಣ್ಣ. ಒಳಗೇನಿದೆ ಎಂದು ಅವನು ಕಂಡಿರಲೇ ಇಲ್ಲ. ಕಾಣಬೇಕಾದ ದಿನ ಕೌದಿ ಹೊದ್ದು ಮಲಗಿದ್ದ.

ಗುಡಿಸಲಿಗೆ ಹೋಗಿ ದೊಡ್ಡ ಸುತ್ತಿಗೆ ತಂದ. ತಂದು ನಿಂತ. ಕೈಮುಗಿದ ಕಲ್ಲಿಗೆ ಪೆಟ್ಟು ಹಾಕುವುದೆಂದರೆ ಅಪ್ಪನ ಹೆಗಲಿಗೆ ಹಾಕಿದಂತೆ. ಅನುರಾಧಾ ಹಿಂದೆ ಬಂದು ನಿಂತಿದ್ದಳು. ಅವನು ಒಮ್ಮೆ ಕೈಮುಗಿದು, ಕಲ್ಲಿನ ಭುಜಕ್ಕೆ ಓರೆಯಾಗಿ ಒಂದೇ ಏಟು ಹಾಕಿದ.

ಅಂಗೈಯಗಲದ ಚಕ್ಕೆ ಹಾರಿ ಜೋಳದ ಬುಡಕ್ಕೆ ಬಿತ್ತು. ಭೀಮಶಾ ಬಗ್ಗಿ ಕಲ್ಲು ನೋಡಿದ. ಗಾಯದ ಬಾಯಿ ನೀಲಿಗಪ್ಪಾಗಿತ್ತು. ಕಾಗೆಯ ಕುತ್ತಿಗೆಯ ಬಣ್ಣ. ಅದರ ನಡುವೆ ಒಂದು ಬಿಳಿ ಎಳೆ, ದಾರದಷ್ಟು ಸಣ್ಣದು, ಓರೆಯಾಗಿ ಹಾದುಹೋಗಿತ್ತು.

ಆ ಬಿಳಿ ಎಳೆ ಅವನಿಗೆ ಗುರುತಿತ್ತು. ಬದುವಿನ ಆ ತುದಿಯಲ್ಲಿ, ಮಾಳಿಂಗನ ಕಲ್ಲಿನ ಮೇಲೆ, ಆರು ವರ್ಷ ಪ್ರತಿ ದಿನ ಅದನ್ನು ನೋಡಿದ್ದ. ನೋಡಿ ಪ್ರತಿ ದಿನ ಉಗುಳಿದ್ದ.

ಅವನು ಅಲ್ಲೇ ಕುಳಿತ. ಮೊದಲು ಬಂದದ್ದು ನಾಚಿಕೆಯಲ್ಲ, ಬೆರಗು. ಒಂದು ಏಟಿನಷ್ಟು ಒಳಗೆ, ಅರ್ಧ ಬೆರಳಿನಷ್ಟು ಆಳದಲ್ಲಿ, ನಿಜ ಹೀಗೆ ಸುಮ್ಮನೆ ಕುಳಿತಿತ್ತು. ಮೇಲಿನ ಕಲ್ಲಿಗೆ ಅರವತ್ತು ಲಕ್ಷ ವರ್ಷ, ಕೆಳಗಿನ ಕಲ್ಲಿಗೆ ಇಪ್ಪತ್ತೆರಡು. ಎರಡೂ ಒಂದೇ ಮಾತು ಹೇಳುತ್ತಿದ್ದವು. ಬಿಳಿ ಎಳೆಯ ಮೇಲೆ ಬೆರಳಾಡಿಸಿದ. ತಣ್ಣಗಿತ್ತು. ಅಪ್ಪ ಉಳಿ ಹಿಡಿದಾಗ ಈ ಎಳೆ ತುಂಡಾಗಿ ಮೂರು ಕಡೆ ಹೋಗಿರಬೇಕು. ನಾಚಿಕೆ ಆಮೇಲೆ ಬಂತು, ಬಂದದ್ದು ಬೇಗ ಹೋಗಲಿಲ್ಲ.

ಹೊತ್ತು ಮೂಡುವಾಗ ಮಾಳಿಂಗ ಬಂದ. ಅಣ್ಣನ ಹೊಲದಲ್ಲಿ ಮಗಳ ಗಾಡಿ ನಿಂತಿದೆ ಎಂದು ಯಾರೋ ಹೇಳಿದ್ದರು. ಬದುವಿನ ತನ್ನ ಮಗ್ಗುಲಲ್ಲೇ ನಿಂತು ಮಗಳಿಗೆ ಸಾಮಾನು ಕಟ್ಟು ನಡಿ ಎಂದ, ಅಣ್ಣನ ಕಡೆ ನೋಡಲಿಲ್ಲ. ಭೀಮಶಾ ಚಕ್ಕೆ ಎತ್ತಿಕೊಂಡು ಬದುವಿನವರೆಗೆ ನಡೆದ. ಕೈ ಚಾಚಿ ಒಳಬಣ್ಣ ಮೇಲಾಗಿ ಹಿಡಿದ. ಮಾಳಿಂಗ ಚಕ್ಕೆ ನೋಡಿದ, ಸುತ್ತಿಗೆ ನೋಡಿದ, ಅಣ್ಣನ ಕಲ್ಲಿನ ಗಾಯ ನೋಡಿದ. ಆಮೇಲೆ ಕೇಳಿದ.

"ಒಂದು ಏಟು ಹಾಕಾಕ ಆರು ವರ್ಷ ಬೇಕಾತೇನು ನಿನಗ?"

ಭೀಮಶಾನ ಕಿವಿ ಕೆಂಪಾದವು. ಆದರೆ ಬಾಯಿ ಬಿಚ್ಚಲಿಲ್ಲ.

"ಪಾಲಾದ ದಿನ ನೀ ಮಲಗಿದ್ದಿ," ಎಂದ ಮಾಳಿಂಗ. "ಮಳಿಗಿ ಕಲ್ಲು ಬಿದ್ದ ಮ್ಯಾಲ ಒಡದ ಮೈ ಹೊರಗ ಮಾಡಿ ನೆಟ್ಟೆ, ಆ ಎಳಿ ನೋಡಿ ನಿನಗ ನೆನಪು ಆದೀತು ಅಂತ ಮಾಡಿದ್ದೆ. ನೀ ಒಡಿಯೂದ ನೋಡಿಲ್ಲ ಅನ್ನೂದು ಮರತಿದ್ದೆ."

"ನನ್ನ ತಪ್ಪದ," ಎಂದ ಭೀಮಶಾ. ಅವನ ಬಾಯಿಂದ ಈ ಮಾತು ಬಂದದ್ದನ್ನು ಕೇಳಿದವರು ಮೂವರೇ. ಗಾಡಿಯಲ್ಲಿ ಎದ್ದು ಕುಳಿತಿದ್ದ ನಯೀಮ, ತಾನು ಕೇಳಿಲ್ಲವೆಂಬಂತೆ ಗಾಜು ಒರೆಸತೊಡಗಿದ.

ಹತ್ತು ಗಂಟೆಗೆ ಸರ್ವೇಯ ಅರುಣಕುಮಾರ ಬಂದ. ಪಂಚರು ಬಂದರು. ಅರ್ಧ ಊರು ಬಂತು, ಜಗಳ ನೋಡಲು. ಭೀಮಶಾ ಒಡೆದ ಭುಜದ ಕಲ್ಲಿನ ಮೇಲೆ ಕೈಯಿಟ್ಟು, ಆ ಕಲ್ಲು ನಮ್ಮಪ್ಪಂದು, ನಾ ಆರು ವರ್ಷ ಸುಳ್ಳು ಕಂಡು ಸುಳ್ಳು ಹೇಳಿದೆ, ಹಾಗೆಯೇ ಬರೆದುಕೊಳ್ಳಿ ಎಂದ. ಅರುಣಕುಮಾರ ಕಾಗದ ತಿರುವಿ ನೋಡಿ, ಅದನ್ನು ಬರೆಯಲು ಇದರಲ್ಲಿ ಜಾಗ ಇಲ್ಲ ರೀ ಎಂದ. ಹಾಗಾದರೆ ಇವರೆಲ್ಲ ಕೇಳಿಸಿಕೊಂಡಿದ್ದಾರೆ, ಸಾಕು, ಎಂದ ಭೀಮಶಾ. ಅಳತೆ ಹಿಡಿದರು. ಮಾಳಿಂಗನ ಕಲ್ಲು ಒಂದು ಗೇಣು ಸರಿದಿತ್ತು, ತನ್ನದೇ ಹೊಲದ ಒಳಗೆ. ಜಗಳ ನೋಡಲು ಬಂದವರು ನಿರಾಸೆಯಿಂದ ಬೀಡಿ ಹಚ್ಚಿಕೊಂಡು ಹೋದರು.

ಎಲ್ಲ ಹೋದ ಮೇಲೆ ಭೀಮಶಾ ಕೊಳಕೂರಿಗೆ ಫೋನು ಹಚ್ಚಿದ. ಅಕ್ಕ ಬಟ್ಟೆ ಒಗೆಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದ. ಆಕಾಶದ ಕಲ್ಲಿನಿಂದ ಶುರುಮಾಡಿದ್ದಕ್ಕೆ ಕಾಶಿಬಾಯಿಗೆ ಮೊದಲು ಏನೂ ತಿಳಿಯಲಿಲ್ಲ, ರಾತ್ರಿ ಏನು ಕುಡಿದಿದ್ದೆ ಎಂದು ಕೇಳಿದಳು. ಆಮೇಲೆ ತಮ್ಮಂದಿರು ಮಾತಾಡಿದರು ಎಂಬಷ್ಟು ತಿಳಿದು ಅಳುತ್ತ ಮೂಗು ಏರಿಸಿದಳು. ಅವನು, ಒಗೆಯುವ ಕಲ್ಲಿನ ಮೂಲೆ ಸ್ವಲ್ಪ ಒಡೆದು ಒಳಗಿನ ಬಣ್ಣ ಹೇಳಕ್ಕ ಎಂದ. ಆಕೆ ಬೈದಳು. ಇವನು ಬೇಡಿದ. ಫೋನು ನೆಲಕ್ಕಿಟ್ಟ ಸಪ್ಪಳ ಬಂತು. ಅನುರಾಧಾ ಹತ್ತಿರ ಬಂದು ಕಿವಿಗೊಟ್ಟಳು, ಮಾಳಿಂಗನೂ. ಅತ್ತ ಒಂದು ಏಟು. ಇನ್ನೊಂದು ಏಟು. ಬಳಿಕ ಸುಮ್ಮನಾಯಿತು. ಕಾಯುತ್ತ ಭೀಮಶಾ ತಲೆಯೆತ್ತಿ ನೋಡಿದ. ನೆತ್ತಿಯ ಮೇಲೆ ಬರಿ ಬಿಸಿಲು, ನೀಲಿ. ಆ ನೀಲಿಯ ಆಚೆ ಎಲ್ಲೋ ಅವು ನಡೆಯುತ್ತಲೇ ಇದ್ದವು, ನೂರಾರು, ಹೊರಳುತ್ತ, ಒಮ್ಮೆ ಹಳೆಯ ಮೈ, ಒಮ್ಮೆ ಒಡೆದ ಮೈ.

"ನೀಲಿ ಅದನೋ," ಎಂದಿತು ಕೊಳಕೂರಿನ ದನಿ. "ಬಿಳೀ ಎಳಿನೂ ಅದ. ಆತಲ್ಲ? ಈಗ ಸೀರಿ ಎಲ್ಲಿ ಕುಕ್ಕಲಿ ನಾ, ಮೂಲಿ ಹಾರಿ ಹೋತು."

ಅನುರಾಧಾ ಭೀಮಶಾ ರಾತ್ರಿ ಅಂಕಿ ಬರೆದ ವಹಿ ತೆರೆದಳು. ಹೊರಗಿನದು ಎಂದು ತಾನು ಮೊದಲು ಬರೆದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದಳು.